ಮೂವತ್ತೊಂದನೇ ವಾರ್ಡಿನ ಬೆರಳುಗಳು

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಶಿರಗುಂದ ಮಹಾನಗರ ಪಾಲಿಕೆಯ ಚುನಾವಣಾ ನಿಯಂತ್ರಣ ಕೊಠಡಿಯ ಗೋಡೆಯ ಮೇಲಿದ್ದ ನಕ್ಷೆಯಲ್ಲಿ ಊರೆಲ್ಲ ಹಸಿರಾಗಿತ್ತು, ಒಂದು ವಾರ್ಡನ್ನು ಬಿಟ್ಟು. ಮೂವತ್ತೊಂದನೆಯದು ಬೂದಿ ಬಣ್ಣಕ್ಕೆ ತಿರುಗಿತ್ತು. ಕಸ್ತೂರಿ ಹಡಪದ ಅದನ್ನು ನೋಡಿ ತನ್ನ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಳು. ಅವಳ ಮನೆ ಆ ವಾರ್ಡಿನಲ್ಲೇ ಇತ್ತು.

ಆ ವರ್ಷದಿಂದ ನಗರದ ಮತದಾನ ಎರಡು ಭಾನುವಾರಗಳಿಗೆ ಹಂಚಿಹೋಗಿತ್ತು. ಮೊದಲ ಭಾನುವಾರ ವಾರ್ಡಿನ ಸದಸ್ಯರ ಆಯ್ಕೆ, ಸೋಮವಾರ ಎಣಿಕೆ. ಮುಂದಿನ ಭಾನುವಾರ ಮೇಯರ್ ಆಯ್ಕೆ, ಜನರಿಂದಲೇ. ಹಿಂದೆ ಮೇಯರನ್ನು ಸದಸ್ಯರು ಸಭೆಯಲ್ಲಿ ಕೈ ಎತ್ತಿ ಆರಿಸುತ್ತಿದ್ದರು. ಕೈ ಎತ್ತುವ ಮುಂಚಿನ ವಾರವೆಲ್ಲ ಅವರು ಯಾವುದೋ ರೆಸಾರ್ಟಿನಲ್ಲಿ ಇರುತ್ತಿದ್ದರು. ಅದನ್ನು ನೋಡಿ ನೋಡಿ ಸಾಕಾಗಿ ಕಾನೂನು ಬದಲಾಗಿತ್ತು. ಎರಡು ಸಲ ಮತದಾನ ಎಂದರೆ ಎರಡು ಸಲ ಚೀಟಿ, ಎರಡು ಸಲ ತಕರಾರು. ಅದನ್ನು ತಪ್ಪಿಸಲು ತಂದದ್ದು ಜೀವಶಾಯಿ. ಮೊದಲ ಭಾನುವಾರ ಬೆರಳಿಗೆ ಬಿದ್ದ ಗುರುತೇ ಎರಡನೇ ಭಾನುವಾರಕ್ಕೆ ಚೀಟಿ.

ಪ್ರಯೋಗಾಲಯದಲ್ಲಿ ಬೆಳೆಸಿದ, ಯಾವ ರೋಗವನ್ನೂ ತರದ ಬ್ಯಾಕ್ಟೀರಿಯಾವನ್ನು ಕೂದಲೆಳೆಗಿಂತ ತೆಳುವಾದ ಪೊರೆಯೊಳಗೆ ಕೂರಿಸಿ, ಮತ ಹಾಕಿದವರ ಬಲಗೈ ತೋರುಬೆರಳಿಗೆ, ಉಗುರಿನ ಬುಡದಲ್ಲಿ ಅಂಟಿಸುತ್ತಿದ್ದರು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಗುರುತುಮಾಪಕದ ನೇರಳೆ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಕಡತಗಳಲ್ಲಿ ಅದು ಗುರುತುಮಾಪಕ. ಬಾಯಲ್ಲಿ ಎಲ್ಲರಿಗೂ ಟಾರ್ಚು. ಬೆವರಿನ ತೇವ ಹೀರಿಕೊಂಡು ಶಾಯಿ ಹದಿನೈದು ದಿನ ಬದುಕುತ್ತದೆ, ಆಮೇಲೆ ತಾನೇ ಸಾಯುತ್ತದೆ. ಸಾಬೂನು, ಸುಣ್ಣ, ಬ್ಲೀಚಿಂಗ್ ಪುಡಿ ಯಾವುದಕ್ಕೂ ಪೊರೆ ಬಗ್ಗುವುದಿಲ್ಲ. ಬಲವಾದ ಆ್ಯಸಿಡ್ ಹಾಕಿ ಕಿತ್ತರೆ ಹೋಗುತ್ತದೆ. ಆದರೆ ಹಾಗೆ ಕಿತ್ತ ಚರ್ಮದ ಮೇಲೆ ಮತ್ತೆ ಹಾಕಿದ ಗುರುತು ಮೂರು ನಾಲ್ಕು ದಿನಕ್ಕೇ ಸತ್ತುಹೋಗುತ್ತದೆ. ಎರಡು ಸಲ ಮತ ಹಾಕಿದವರನ್ನು ಹಿಡಿಯುವ ದಾರಿಯೂ ಅದೇ. ಅದಕ್ಕಾಗಿ ನಡುವಿನ ಗುರುವಾರ ಪಡಿತರ ಅಂಗಡಿಗಳ ಮುಂದೆ ಎಲ್ಲರ ಬೆರಳನ್ನೂ ಒಮ್ಮೆ ಓದಿಸಿ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ನಿಯಮ ಕಠಿಣವಾಗಿತ್ತು. ಒಂದು ವಾರ್ಡಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಗುರುತು ಸತ್ತಿದ್ದರೆ ಅಲ್ಲಿನ ಫಲಿತಾಂಶ ರದ್ದು. ಗುರುತು ಸತ್ತವರ ಮೇಲೆ ಮೊಕದ್ದಮೆ, ಆರು ವರ್ಷ ಮತವಿಲ್ಲ. ಸರ್ಕಾರಿ ಕೆಲಸದಲ್ಲಿದ್ದರೆ ಕೆಲಸವೂ ಇಲ್ಲ.

ಮೂವತ್ತೊಂದನೇ ವಾರ್ಡಿನಲ್ಲಿ ಮತ ಹಾಕಿದವರು ನಾಲ್ಕು ಸಾವಿರದ ನೂರ ಹನ್ನೆರಡು ಜನ. ಗುರುತು ಸತ್ತವರು ಸಾವಿರದ ಒಂಬೈನೂರ ಮೂವತ್ತನಾಲ್ಕು. ಅವರಲ್ಲಿ ಸಾವಿರದ ಆರುನೂರ ಹನ್ನೊಂದು ಮಂದಿ ಹೆಂಗಸರು.

ಚುನಾವಣಾಧಿಕಾರಿ ಪ್ರಭಾಕರ ಹೆರಕಲ್ ಈ ಕೊನೆಯ ಸಂಖ್ಯೆಗೆ ಪೆನ್ನಿನಿಂದ ಸುತ್ತು ಹಾಕಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದ ಮನುಷ್ಯ. ಕೆಟ್ಟವರಲ್ಲ, ಹೆದರುವವರು. ಆ ವಾರ್ಡಿನಲ್ಲಿ ಗೆದ್ದವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಾಳವ್ವ ಬಂಡಿವಡ್ಡರ, ಮಹಿಳಾ ಸಂಘದ ಅಧ್ಯಕ್ಷೆ. ಎರಡು ಸಲ ಸದಸ್ಯನಾಗಿದ್ದವನನ್ನು ನಲವತ್ತೊಂದು ಮತಗಳಿಂದ ಸೋಲಿಸಿದ್ದಳು. ಹೆರಕಲ್‌ಗೆ ಇಷ್ಟು ಸಾಕಾಯಿತು.

"ಸಾವಿರದ ಆರುನೂರು ಹೆಣ್ಮಕ್ಕಳು," ಎಂದರು. "ಇದು ಒಬ್ಬಿಬ್ಬರ ಕೆಲಸ ಅಲ್ಲ. ಸಂಘದ ಕೆಲಸ."

ಕೊಠಡಿಯಲ್ಲಿದ್ದ ಹನ್ನೊಂದು ಜನರಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಒಬ್ಬನಂತೂ, ಹೆಂಗಸರು ಹಬ್ಬದ ದಿನ ಸೀರೆಯ ಬಣ್ಣವನ್ನೇ ಮಾತಾಡಿಕೊಂಡು ಉಡುತ್ತಾರೆ, ಇದೇನು ದೊಡ್ಡದು ಎಂದ. ಶನಿವಾರ ಸಂಜೆ ನಾಲ್ಕಕ್ಕೆ ಸಭೆ ಎಂದಾಯಿತು. ಸಾವಿರದ ಒಂಬೈನೂರು ಹೆಸರುಗಳ ಪಟ್ಟಿಯನ್ನು ಇಂದೇ ಪೊಲೀಸರಿಗೆ ಕೊಟ್ಟು, ನಾಳೆ ಅಭ್ಯರ್ಥಿಗಳ ಏಜೆಂಟರ ಮುಂದೆ ವಾರ್ಡನ್ನು ರದ್ದು ಮಾಡಿ ಮೊಕದ್ದಮೆ ಹೂಡಿಸುವುದು. ಆಮೇಲೆ ಯಾರೂ ತಮ್ಮನ್ನೇ ದೂರದಿರಲೆಂದು ಸಭೆಗೆ ಮೊದಲು ನಿಯಂತ್ರಣ ಕೊಠಡಿಯ ಸಿಬ್ಬಂದಿಯ ಗುರುತನ್ನೂ ಬಾಗಿಲಲ್ಲೇ ಓದಿಸುವುದು.

ಕಸ್ತೂರಿ ಊಟದ ಹೊತ್ತಿನಲ್ಲಿ ಟಾರ್ಚೊಂದನ್ನು ತೆಗೆದುಕೊಂಡು ಶೌಚಾಲಯಕ್ಕೆ ಹೋಗಿ ತನ್ನ ಬೆರಳಿಗೆ ಹಿಡಿದಳು. ಬೆಳಕು ಬೆರಳ ಮೇಲೆ ಬಿತ್ತು, ಅಷ್ಟೇ. ಹಸಿರಿನ ಒಂದು ಚುಕ್ಕೆಯೂ ಇರಲಿಲ್ಲ. ಹಿಂದಿನ ದಿನವೂ ಇರಲಿಲ್ಲ. ಪಡಿತರ ಅಂಗಡಿಗೆ ಹೋಗಲು ಪುರಸೊತ್ತಾಗಲಿಲ್ಲವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದಳು.

ಅವಳು ಒಂದೇ ಸಲ ಮತ ಹಾಕಿದ್ದಳು. ಯಾವ ಆ್ಯಸಿಡ್ಡನ್ನೂ ಮುಟ್ಟಿರಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ನಾಲ್ಕು ವರ್ಷ ಪರೀಕ್ಷೆ ಬರೆದು, ಜಿಲ್ಲಾ ಪ್ರಯೋಗಾಲಯದ ತಂತ್ರಜ್ಞೆಯ ಹುದ್ದೆಯ ಆದೇಶವನ್ನು ಹೋದ ತಿಂಗಳಷ್ಟೇ ಕೈಗೆ ಪಡೆದಿದ್ದಳು. ಒಂದನೇ ತಾರೀಖಿಗೆ ಹಾಜರಾಗಬೇಕು. ಈ ಚುನಾವಣೆಯ ಕೆಲಸ ಅಲ್ಲಿಯವರೆಗಿನ ತಾತ್ಕಾಲಿಕ ದುಡಿಮೆ. ನಾಳೆ ನಾಲ್ಕಕ್ಕೆ ಬಾಗಿಲಲ್ಲಿ ಬೆರಳು ಚಾಚಿದರೆ ಎರಡೂ ಮುಗಿಯುತ್ತಿದ್ದವು.

*

ಮೂವತ್ತೊಂದನೇ ವಾರ್ಡೆಂದರೆ ಗಿರಣಿ ಚಾಳು. ಅದರ ಗಿರಣಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಕೊಳವೆಗಳು ಗಿರಣಿಗಿಂತ ಹಳೆಯವು. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಲೋಟದವರೆಗೆ ಎಲ್ಲವನ್ನೂ ತುಂಬಿಕೊಳ್ಳುವುದು ಅಲ್ಲಿನವರ ಪದ್ಧತಿ. ಈ ಸಲ ನೀರು ಬಂದದ್ದು ಮಂಗಳವಾರ.

ಶುಕ್ರವಾರ ಸಂಜೆ ಕಸ್ತೂರಿ ಮನೆಗೆ ಬಂದಾಗ ಅವಳ ತಾಯಿ ಶಾಂತವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಧ್ಯಾಹ್ನ ಇಬ್ಬರು ಪೊಲೀಸರು ಬಂದು ಆ್ಯಸಿಡ್ ಬಾಟಲಿ ಎಲ್ಲಿಟ್ಟಿದ್ದೀರಿ ಎಂದು ಮನೆಮನೆಯಲ್ಲಿ ಕೇಳಿ ಹೋಗಿದ್ದರು. ಬಚ್ಚಲು ತೊಳೆಯುವ ಬಾಟಲಿ ಸಿಕ್ಕ ಮನೆಯವರ ಹೆಸರು ಬರೆದುಕೊಂಡಿದ್ದರು. ಅವರು ಹೋದ ಮೇಲೆ ಹೆಂಗಸರ ನಡುವೆಯೇ ಮಾತು ಬೆಳೆದಿತ್ತು. ನಾನು ಹಾಕಿದ್ದು ಒಂದೇ, ನೀನು ಎರಡು ಹಾಕಿರಬೇಕು ಎಂದು ಶುರುವಾದದ್ದು, ಈ ಚಾಳಿನಲ್ಲಿ ಬಾಟಲಿ, ಔಷಧಿ ಎಂದರೆ ಏನೆಂದು ಬಲ್ಲವಳು ಒಬ್ಬಳೇ ಎನ್ನುವಲ್ಲಿಗೆ ಬಂದು ನಿಂತಿತ್ತು. ಕಸ್ತೂರಿ ಓಣಿಯಲ್ಲಿ ನಡೆದು ಬರುವಾಗ ಮೂರು ಕಟ್ಟೆಗಳ ಮೇಲೆ ಮಾತು ನಿಂತದ್ದು ಅದಕ್ಕೇ.

"ಏನಾರ ತಂದಿದ್ದೇನ್ ನೀ?" ಶಾಂತವ್ವ ತಲೆ ಎತ್ತದೆ ಕೇಳಿದಳು.

"ಏನ್ ತರ್ಲೆವ್ವಾ? ನಂದೂ ಹೋಗೇತಿ."

ಶಾಂತವ್ವ ತಿಕ್ಕುವುದನ್ನು ನಿಲ್ಲಿಸಿ ಮಗಳ ಬೆರಳನ್ನು ಹಿಡಿದು ನೋಡಿದಳು, ನೋಡಿದರೆ ಕಾಣುವ ಹಾಗೆ. ನಂತರ ತನ್ನದನ್ನು ನೋಡಿಕೊಂಡಳು. ಒಳಗಿನಿಂದ ಅಣ್ಣ ಈರಣ್ಣ ತನ್ನದು ಗಟ್ಟಿಯಾಗಿದೆ, ಯಾವಾಗ ಬೇಕಾದರೂ ತೋರಿಸುತ್ತೇನೆ ಎಂದು ಕೂಗಿ ಹೇಳಿದ. ಆಟೋ ಓಡಿಸುವವನು, ಮನೆಗೆ ಬಂದರೆ ಮಂಚ ಬಿಟ್ಟು ಏಳುವವನಲ್ಲ.

ಮಾಳವ್ವ ಬಂದದ್ದು ಆಗ. ನಾಲ್ಕು ದಿನದ ಹಿಂದೆ ಹಾಕಿದ್ದ ಹಾರಗಳ ಅರಿಶಿನ ಅವಳ ರವಿಕೆಯ ಅಂಚಿನಲ್ಲಿ ಇನ್ನೂ ಇತ್ತು. ಬೆಳಿಗ್ಗೆಯಿಂದ ಮುನ್ನೂರು ಮನೆ ತಿರುಗಿ, ಪ್ರತಿಯೊಬ್ಬಳನ್ನೂ ಮಕ್ಕಳ ಮೇಲೆ ಆಣೆ ಮಾಡಿಸಿ ಕೇಳಿ ಬಂದಿದ್ದಳು. ಒಬ್ಬಳೂ ಒಪ್ಪಿಕೊಂಡಿರಲಿಲ್ಲ. ಗೆದ್ದದ್ದು ಹೋದರೆ ಹೋಗಲಿ, ಬೇಯಿಸುವ ಕೆಲಸ ಇದ್ದೇ ಇದೆ, ಆದರೆ ಸಾವಿರದ ಆರುನೂರು ಹೆಂಗಸರನ್ನು ಕೋರ್ಟಿಗೆ ಹತ್ತಿಸಿದವಳು ಎಂಬ ಹೆಸರು ಹೊತ್ತು ಈ ಓಣಿಯಲ್ಲಿ ಬದುಕುವುದು ಹೇಗೆ ಎಂದಳು.

"ನೀ ಕಲ್ತಾಕಿ," ಎಂದಳು ಕಸ್ತೂರಿಗೆ. "ನಾ ಕಳ್ಳಿ ಅಲ್ಲ ಅಂತ ನನಗ ಗೊತ್ತೈತಿ. ಆದ್ರ ಏನಾಗೇತಿ ಅನ್ನೂದು ಗೊತ್ತಿಲ್ಲ. ನೀನಾ ಹೇಳು."

ಕಸ್ತೂರಿಗೂ ಗೊತ್ತಿರಲಿಲ್ಲ. ಚೀಲದಿಂದ ಟಾರ್ಚು ತೆಗೆದು ಅಲ್ಲಿದ್ದವರ ಬೆರಳಿಗೆಲ್ಲ ಹಿಡಿದಳು. ತಾಯಿಯದು ಸತ್ತಿತ್ತು. ಮಾಳವ್ವನದು ಸತ್ತಿತ್ತು. ಈರಣ್ಣನದು ಹೊಳೆಯಿತು. ಇದೂ ಆಗಿಬಿಡಲಿ ಎಂದು ಒಳಕೋಣೆಗೂ ಹೋದಳು. ಅಲ್ಲಿ ಅತ್ತಿಗೆ ದಾನಮ್ಮ ಹತ್ತೊಂಬತ್ತು ದಿನದ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಅಗ್ಗಿಷ್ಟಿಕೆಯ ಹತ್ತಿರ ಮಲಗಿದ್ದಳು. ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ಮತಗಟ್ಟೆಯವರೇ ಪೆಟ್ಟಿಗೆ ಹೊತ್ತು ಮನೆಗೆ ಬಂದಿದ್ದರು. ದಾನಮ್ಮ ಭಾನುವಾರ ಮಲಗಿದಲ್ಲೇ ಮತ ಹಾಕಿದ್ದಳು.

ಅವಳ ಬೆರಳು ಹಸಿರಾಗಿ ಹೊಳೆಯಿತು.

ಕಸ್ತೂರಿ ಮತ್ತೊಮ್ಮೆ ಹಿಡಿದಳು. ಆ ಮನೆಯಲ್ಲಿ ಗುರುತು ಉಳಿದ ಹೆಂಗಸು ಇವಳೊಬ್ಬಳೇ. ಚಾಳಿನಲ್ಲಿ ಇನ್ನೆಷ್ಟು ಬಾಣಂತಿಯರಿದ್ದಾರೆ ಎಂದು ಕೇಳಿದಳು. ಮಾಳವ್ವನಿಗೆ ಇಂಥ ಲೆಕ್ಕ ಬಾಯಲ್ಲೇ ಇತ್ತು. ಇಬ್ಬರು, ಒಬ್ಬಳು ಮೂರನೇ ಸಾಲಿನಲ್ಲಿ, ಒಬ್ಬಳು ಮಸೀದಿಯ ಹಿಂದೆ. ಇಬ್ಬರ ಮನೆಗೂ ಹೋದರು. ಇಬ್ಬರ ಬೆರಳೂ ಹೊಳೆದವು. ಮಸೀದಿಯ ಹಿಂದಿನ ಮನೆಯಲ್ಲಿ ಬಾಣಂತಿಯ ಅತ್ತೆ, ನಾದಿನಿ ಇಬ್ಬರದೂ ಸತ್ತಿದ್ದವು.

ಹೊರಗೆ ಬಂದು ಕಸ್ತೂರಿ ಚರಂಡಿಯ ಪಕ್ಕ ನಿಂತಳು.

"ಬಾಣಂತಿ ಏನ್ ಮಾಡಂಗಿಲ್ಲ, ಮಾಳಕ್ಕಾ?"

"ಏನೂ ಮಾಡಂಗಿಲ್ಲ. ಕೂಸಿಗೆ ಮಲಿ ಕೊಡ್ತಾಳ, ಉಣ್ತಾಳ, ಮಲಗ್ತಾಳ. ತಣ್ಣೀರು ಮುಟ್ಟಂಗಿಲ್ಲ. ಕೈ ತೊಳ್ಯಾಕೂ ಕಾಸಿದ ನೀರ ಬೇಕು."

ಅಷ್ಟು ಹೇಳಿ ಮಾಳವ್ವ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಅವಳಿಗೆ ವಿಜ್ಞಾನ ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷ ನೂರು ಮಕ್ಕಳ ತಟ್ಟೆ ತೊಳೆದವಳು.

ಗುರುವಾರದ ಪಟ್ಟಿ ಟಾರ್ಚಿನ ಪುಟ್ಟ ಪರದೆಯಲ್ಲೂ ಇತ್ತು. ಕಸ್ತೂರಿ ಅದರಲ್ಲಿ ಗುರುತು ಸತ್ತ ಗಂಡಸರ ಹೆಸರುಗಳನ್ನು ತೆರೆದಳು. ಓಣಿಯವಳಾದ್ದರಿಂದ ಅರ್ಧಕ್ಕರ್ಧ ಮುಖ ಗೊತ್ತಿದ್ದವು. ಚಹಾದಂಗಡಿಯಲ್ಲಿ ಲೋಟ ತೊಳೆಯುವವನು, ಖಾನಾವಳಿಯವರು, ಬಟ್ಟೆ ಒಗೆಯುವವರು, ಗಾರೆ ಕೆಲಸದವರು, ಹೆಂಡತಿ ತೀರಿಕೊಂಡ ಇಬ್ಬರು ಮುದುಕರು. ದಿನವೆಲ್ಲ ಕೈ ನೀರಿನಲ್ಲಿರುವ ಗಂಡಸರು. ಊರಿನ ಎಲ್ಲ ಹೆಂಗಸರೂ ಪಾತ್ರೆ ತಿಕ್ಕುತ್ತಾರೆ, ಆದರೂ ಉಳಿದ ವಾರ್ಡುಗಳಲ್ಲಿ ಗುರುತು ಹೋಗಿಲ್ಲ. ಹಾಗಾದರೆ ಈ ವಾರ್ಡಿನ ನೀರಿನಲ್ಲಿ ಏನೋ ಇದೆ. ಕಾಸಿದರೆ ಅದು ಸಾಯುತ್ತದೆ. ಆದರೆ ಬ್ಲೀಚಿಂಗ್ ಪುಡಿಗೂ ಬಗ್ಗದ ಪೊರೆಯನ್ನು ದಾಟಿ ಹೋಗುವಂಥದ್ದು ಏನು?

*

ಶನಿವಾರ ಒಂಬತ್ತೂವರೆಗೆ ಅವಳು ಎರಡು ಬಾಟಲಿ ಹಿಡಿದು ನಿಯಂತ್ರಣ ಕೊಠಡಿಗೆ ಬಂದಳು. ಒಂದರಲ್ಲಿ ಮನೆಯ ಡ್ರಮ್ಮಿನ ನೀರು, ಇನ್ನೊಂದರಲ್ಲಿ ದಾನಮ್ಮನಿಗೆಂದು ಕುದಿಸಿದ್ದ ಅದೇ ನೀರು.

ಶಾಯಿ ತಯಾರಿಸಿದ ಕಂಪನಿಯ ಪರವಾಗಿ ಬಂದಿದ್ದ ಶ್ರೀವತ್ಸ ಎಂಬ ಯುವಕ ಮೂಲೆಯ ಮೇಜಿನಲ್ಲಿ ಕೂತಿದ್ದ. ಮೈಸೂರಿನ ಕಡೆಯವನು, ಒಂದು ವಾರದಿಂದ ಖಾನಾವಳಿಯ ಖಾರದ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿದ್ದ. ಕಸ್ತೂರಿ ಕೇಳಿದ ಪ್ರಶ್ನೆ ಒಂದೇ. ಹಿಂದಿನ ಶಾಯಿಯನ್ನು ಯಾವಾಗಲೂ ಎಡಗೈಗೆ ಹಾಕುತ್ತಿದ್ದರು. ಇದನ್ನು ಬಲಗೈಗೇ ಹಾಕಬೇಕು, ತಪ್ಪಿದರೆ ಶಿಸ್ತುಕ್ರಮ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಯಾಕೆ?

ಶ್ರೀವತ್ಸ ಅದು ತಾಂತ್ರಿಕ ವಿಷಯ ಎಂದ. ಅವಳು ಬಿಡಲಿಲ್ಲ. ಅವನು ಸುತ್ತ ನೋಡಿ, ಎದ್ದು, ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋದ. ಅವನ ಕಿವಿ ಕೆಂಪಾಗಿತ್ತು.

"ಅದು ಬರೆಯೋ ವಿಷಯ ಅಲ್ಲ, ಮೇಡಂ."

"ನಾನೂ ಇದನ್ನ ಓದಿದಾಕಿ. ಹೇಳ್ರಿ."

ಅವನು ಹೇಳಿದ್ದು ಇಷ್ಟು. ಜೀವಶಾಯಿಯ ಬ್ಯಾಕ್ಟೀರಿಯಾವನ್ನು ಮನುಷ್ಯರ ಕರುಳಿನಲ್ಲಿರುವ ಒಂದು ಜಾತಿಯಿಂದ ಬೆಳೆಸಿದ್ದು. ಕರುಳಿನ ಬ್ಯಾಕ್ಟೀರಿಯಾವನ್ನು ತಿಂದು ಬದುಕುವ ವೈರಸ್‌ಗಳಿವೆ. ಫೇಜ್ ಎಂದು ಅವುಗಳ ಹೆಸರು. ಮನುಷ್ಯರಿಗೆ ಅವು ಏನೂ ಮಾಡುವುದಿಲ್ಲ. ಆದರೆ ಪೊರೆಯಲ್ಲಿ ಬೆವರು ಒಳಗೆ ಬರಲೆಂದು ಬಿಟ್ಟಿರುವ ರಂಧ್ರಗಳಲ್ಲಿ ನುಸುಳುವಷ್ಟು ಚಿಕ್ಕವು. ಮೊದಲ ಪ್ರಯೋಗದಲ್ಲಿ ಎಡಗೈಗೆ ಹಾಕಿದಾಗ ಅರ್ಧಕ್ಕರ್ಧ ಜನರ ಗುರುತು ಎರಡು ಮೂರು ದಿನಕ್ಕೆ ಸತ್ತಿತ್ತು. ಎಡಗೈಯಲ್ಲಿ ಜನ ಏನು ಮಾಡುತ್ತಾರೆ ಎಂಬುದು ಪ್ರಯೋಗಾಲಯದಲ್ಲಿ ಯಾರಿಗೋ ತಡವಾಗಿ ಹೊಳೆದು, ಕೈ ಬದಲಾಯಿಸಿದರು. ಬಿಡುಗಡೆಯ ಸಮಾರಂಭದಲ್ಲಿ ಮಂತ್ರಿಗಳು ಕೈಪಿಡಿಯ ಪುಟಗಳನ್ನು ಓದುವವರಿದ್ದರು. ಆದ್ದರಿಂದ ನಿಯಮವನ್ನು ಉಳಿಸಿಕೊಂಡು ಕಾರಣವನ್ನು ತೆಗೆದುಹಾಕಿದರು.

"ಅಂದ್ರ ಆ ವೈರಸ್ ಎಲ್ಲಿರ್ತದ?"

"ಎಲ್ಲಿ ಮಲ ಇರುತ್ತೋ ಅಲ್ಲಿ."

"ಹಂಗಾದ್ರ ನಮ್ಮ ವಾರ್ಡಿನ ನಳದಾಗ ಹೇಲು ಬರಾಕತ್ತೈತಿ."

ಶ್ರೀವತ್ಸ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ. ದಯವಿಟ್ಟು ಮಲ ಅನ್ನಿ ಎಂದ.

ಅವಳು ಮೊದಲು ಮಾಡಿದ ಕೆಲಸ ಮನೆಗೆ ಫೋನು. ಡ್ರಮ್ಮಿನ ನೀರನ್ನು ಕುದಿಸದೆ ಯಾರೂ ಬಾಯಿಗೆ ಹಾಕಬೇಡಿ, ಮಾಳಕ್ಕನಿಗೂ ಹೇಳು ಎಂದಳು. ಶಾಂತವ್ವ ಯಾಕೆಂದು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಮಾಳವ್ವ ತನ್ನ ಪ್ರಚಾರದ ಆಟೋವನ್ನೇ ಹೊರಡಿಸಿ, ನೀರು ಕುದಿಸಿರವ್ವಾ ಎಂದು ಧ್ವನಿವರ್ಧಕದಲ್ಲಿ ಸಾಲು ಸಾಲು ತಿರುಗಿದಳು. ಹನ್ನೊಂದು ಗಂಟೆಗೆ ಅವಳಿಗೆ ನೀತಿಸಂಹಿತೆ ಉಲ್ಲಂಘನೆಯ ನೋಟಿಸು ಬಂತು. ಅದನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಇನ್ನೊಂದು ಸುತ್ತು ಹೊರಟಳು.

ಪರೀಕ್ಷೆ ಸರಳವಾಗಿತ್ತು. ಶ್ರೀವತ್ಸನ ಬಳಿ ಶಾಯಿಯನ್ನು ಪರೀಕ್ಷಿಸಲು ಗಾಜಿನ ತಟ್ಟೆಗಳಿದ್ದವು. ಮೂರು ತಟ್ಟೆಗಳಲ್ಲಿ ಶಾಯಿಯನ್ನು ತೆಳುವಾಗಿ ಹರಡಿದರು. ಒಂದಕ್ಕೆ ಗಿರಣಿ ಚಾಳಿನ ಹಸಿ ನೀರು, ಎರಡನೆಯದಕ್ಕೆ ಕುದಿಸಿದ ನೀರು, ಮೂರನೆಯದಕ್ಕೆ ಪಾಲಿಕೆ ಕಚೇರಿಯ ನಲ್ಲಿಯ ನೀರು. ವೈರಸ್ ಇದ್ದರೆ ನಾಲ್ಕು ಗಂಟೆಯೊಳಗೆ ಗೊತ್ತಾಗುತ್ತದೆ ಎಂದ. ಆಗ ಗಂಟೆ ಹತ್ತೂ ಇಪ್ಪತ್ತು.

ಮೊದಲ ಒಂದು ಗಂಟೆ ಅವನು ಹೆದರಿದ್ದ. ಹಾಳಾದ ಶಾಯಿ ಎಂದರೆ ಅವನ ಕೆಲಸ ಹೋಗುತ್ತಿತ್ತು. ಎರಡನೇ ಗಂಟೆಯಲ್ಲಿ, ತಪ್ಪು ನೀರಿನದಾದರೆ ಶಾಯಿಯದಲ್ಲ ಎಂಬುದು ಅವನಿಗೆ ಹೊಳೆಯಿತು. ಅಲ್ಲಿಂದ ಮುಂದೆ ಕಸ್ತೂರಿಗಿಂತ ಅವನೇ ಹೆಚ್ಚು ಸಲ ತಟ್ಟೆಗಳ ಮೇಲೆ ಬಗ್ಗಿ ನೋಡಿದ.

ಮಧ್ಯಾಹ್ನ ಒಂದರವರೆಗೆ ಮೂರೂ ತಟ್ಟೆಗಳು ಒಂದೇ ಸಮ ಹಸಿರು. ಕಸ್ತೂರಿಯ ಹೊಟ್ಟೆಯಲ್ಲಿ ಬೆಳಗಿನ ಚಹಾ ಮಾತ್ರ ಇತ್ತು. ತಾನು ತಪ್ಪಿದ್ದರೆ ಏನು ಎಂದು ಯೋಚಿಸಿದಳು. ಏನೂ ಇಲ್ಲ, ನಾಲ್ಕಕ್ಕೆ ಬಾಗಿಲಲ್ಲಿ ಬೆರಳು ಚಾಚುವುದು. ಒಂದೂಕಾಲಿಗೆ ಮೊದಲ ತಟ್ಟೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಂಡವು. ಎರಡಕ್ಕೆ ಅವು ಕಡಲೆಯಷ್ಟಾದವು. ಮೂರಕ್ಕೆ ಇಡೀ ತಟ್ಟೆ ಹುಳು ತಿಂದ ಬಟ್ಟೆಯ ಹಾಗೆ ಕಾಣುತ್ತಿತ್ತು. ಉಳಿದೆರಡು ತಟ್ಟೆಗಳು ಹಸಿರಾಗಿಯೇ ಇದ್ದವು.

ಕಸ್ತೂರಿ ಕುರ್ಚಿಯಲ್ಲಿ ಕೂತಳು. ಶ್ರೀವತ್ಸ ತನ್ನ ಡಬ್ಬಿಯಿಂದ ಎರಡು ಬಿಸ್ಕತ್ತು ಕೊಟ್ಟ. ತಿಂದಳು.

*

ನಾಲ್ಕಕ್ಕೆ ಸಭಾಂಗಣದ ಬಾಗಿಲಲ್ಲಿ ಗುಮಾಸ್ತ ಟಾರ್ಚು ಹಿಡಿದು ನಿಂತಿದ್ದ. ಕಸ್ತೂರಿಯ ಬೆರಳ ಮೇಲೆ ಬೆಳಕು ಬಿದ್ದು ಹಾಗೇ ನಿಂತಿತು. ಅವನು ಎರಡನೇ ಸಲ ಒತ್ತಿದ. ಮೂರನೇ ಸಲ ಒತ್ತುವ ಮೊದಲೇ ಒಳಗಿನಿಂದ ಹೆರಕಲ್ ನೋಡಿದರು.

"ಸತ್ತೈತ್ರಿ ಸರ್," ಎಂದಳು ಕಸ್ತೂರಿ. "ಯಾಕ ಸತ್ತೈತಿ ಅನ್ನೂದು ಇದರಾಗ ಐತಿ." ಕೈಯಲ್ಲಿ ಮೂರು ತಟ್ಟೆಗಳಿದ್ದವು.

ಹೆರಕಲ್ ಕೇಳಿಸಿಕೊಂಡರು. ಶ್ರೀವತ್ಸ ವಿವರಿಸಿದ, ಕಸ್ತೂರಿ ತಿದ್ದಿದಳು. ಏಜೆಂಟರು ಒಬ್ಬೊಬ್ಬರೇ ಬಂದು ತಟ್ಟೆಗಳನ್ನು ನೋಡಿದರು. ಪಾಲಿಕೆಯ ನೀರು ಸರಬರಾಜಿನ ಎಂಜಿನಿಯರನ್ನು ಕರೆಸಿದರು. ವಾರಕ್ಕೆರಡು ಸಲ ನೀರು ಪರೀಕ್ಷೆ ಆಗುತ್ತದೆ, ಎಲ್ಲವೂ ಸರಿಯಿದೆ ಎಂದ. ಎಲ್ಲಿ ಪರೀಕ್ಷಿಸುತ್ತೀರಿ ಎಂದು ಕಸ್ತೂರಿ ಕೇಳಿದಳು. ಟ್ಯಾಂಕಿನಲ್ಲಿ ಎಂದ. ಟ್ಯಾಂಕಿಗೂ ಗಿರಣಿ ಚಾಳಿಗೂ ನಡುವೆ ಮೂರು ಕಿಲೋಮೀಟರು ಕೊಳವೆ ಇತ್ತು. ಎಂಟು ದಿನಕ್ಕೊಂದು ದಿನ ಮಾತ್ರ ಅದರಲ್ಲಿ ನೀರು. ಉಳಿದ ಏಳು ದಿನ ಖಾಲಿ ಕೊಳವೆ ಸುತ್ತಲಿನದನ್ನೆಲ್ಲ ಬಿರುಕುಗಳಿಂದ ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಎಂಜಿನಿಯರೇ ಕೊನೆಗೆ ನೆಲ ನೋಡುತ್ತ ಒಪ್ಪಿಕೊಂಡ.

ಹೆರಕಲ್‌ಗೆ ಇನ್ನೂ ಒಂದು ವಿಷಯ ಚುಚ್ಚುತ್ತಿತ್ತು. ನೀರು ಎಲ್ಲರ ಮನೆಗೂ ಬಂತು, ಎಲ್ಲರೂ ಮುಟ್ಟಿದರು. ಹೆಂಗಸರದೇ ಯಾಕೆ ಅಷ್ಟು ಹೋಯಿತು ಎಂದು ಕೇಳಿದರು. ಗಂಭೀರವಾಗಿಯೇ ಕೇಳಿದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಾಳವ್ವ ಎದ್ದು ನಿಂತಳು.

"ನಿಮ್ಮ ಮನ್ಯಾಗ ಭಾಂಡೆ ಯಾರ್ ತಿಕ್ಕತಾರ್ರಿ, ಸಾಹೇಬ್ರ?"

ಸಭಾಂಗಣದಲ್ಲಿ ಇಪ್ಪತ್ತಾರು ಗಂಡಸರಿದ್ದರು. ಒಂದಿಬ್ಬರು ತಮ್ಮ ಬೆರಳು ನೋಡಿಕೊಂಡರು.

ಹೆರಕಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಂಪ್ಯೂಟರಿನವನಿಗೆ ಆದೇಶ ಹೇಳತೊಡಗಿದರು. ಮೂವತ್ತೊಂದನೇ ವಾರ್ಡಿನಲ್ಲಿ ತಾಂತ್ರಿಕ ಕಾರಣಗಳಿಂದ ಗುರುತು ನಾಶವಾಗಿರುವುದು ಕಂಡುಬಂದಿರುವುದರಿಂದ ಎಂದು ಶುರು ಮಾಡಿದರು. ಕಸ್ತೂರಿ ನಡುವೆ ಬಾಯಿ ಹಾಕಿದಳು. ತಾಂತ್ರಿಕ ಕಾರಣ ಎಂದರೆ ನಿಯಮದ ಪ್ರಕಾರ ತನಿಖೆ ಮುಗಿಯುವವರೆಗೆ ಫಲಿತಾಂಶಕ್ಕೆ ತಡೆ, ಹೆಸರುಗಳು ಪೊಲೀಸರ ಬಳಿಯೇ ಇರುತ್ತವೆ. ಸಾವಿರದ ಆರುನೂರು ಹೆಂಗಸರು ಕಳ್ಳಿಯರೋ ಅಲ್ಲವೋ ಎಂದು ಊರು ಆರು ತಿಂಗಳು ಮಾತಾಡುತ್ತದೆ. ಅಲ್ಲದೆ ತಾಂತ್ರಿಕ ಕಾರಣವನ್ನು ಓದಿ ಯಾರೂ ಕೊಳವೆ ಅಗೆಯುವುದಿಲ್ಲ.

"ಮತ್ತ ಏನಂತ ಬರೀಲಿ?" ಹೆರಕಲ್ ಕೇಳಿದರು. ಅವರಿಗೂ ಗೊತ್ತಿತ್ತು.

"ಏನೈತೋ ಅದನ್ನ."

ಹೆರಕಲ್ ಹೇಳಿದ್ದನ್ನು ಅಳಿಸಿಸಿ ಹೊಸದಾಗಿ ಹೇಳಿದರು. ಕುಡಿಯುವ ನೀರಿನಲ್ಲಿ ಮನುಷ್ಯರ ಮಲ ಬೆರೆತಿರುವುದರಿಂದ ಗುರುತು ಸತ್ತಿದೆ, ಮತದಾರರ ತಪ್ಪು ಯಾವುದೂ ಇಲ್ಲ, ಫಲಿತಾಂಶ ಊರ್ಜಿತ, ಹೆಸರುಗಳ ಪಟ್ಟಿಯನ್ನು ಪೊಲೀಸರಿಂದ ಹಿಂಪಡೆಯತಕ್ಕದ್ದು, ಕೊಳವೆಯನ್ನು ಈ ಕೂಡಲೇ ಅಗೆಯತಕ್ಕದ್ದು. ನಾಳೆ ಆ ವಾರ್ಡಿಗೆ ಹಳೆಯ ಚೀಟಿ, ಹಳೆಯ ಶಾಯಿ. ಮುದ್ರಿಸಿ, ಸಹಿ ಹಾಕಿ, ಎದ್ದು ನಿಂತು ಓದಿದರು. ಮಲ ಎನ್ನುವಲ್ಲಿ ದನಿ ಒಂದು ಕ್ಷಣ ಸಣ್ಣದಾಯಿತು, ಆದರೆ ಓದಿದರು.

ಸೋತ ಅಭ್ಯರ್ಥಿಯ ಏಜೆಂಟ್ ಎದ್ದು, ಸರ್ಕಾರಿ ಆದೇಶದಲ್ಲಿ ಇಂಥ ಭಾಷೆ ಸರಿಯಲ್ಲ ಎಂದು ಆಕ್ಷೇಪಿಸಿದ.

"ಕುಡಿಯೂ ನೀರಾಗ ಬಂದದ್ದು ಕಾಗದದಾಗ ಬಂದ್ರ ಏನ್ ಹೋತ್ರಿ?" ಎಂದರು ಹೆರಕಲ್. ಹದಿನಾಲ್ಕು ತಿಂಗಳು ಉಳಿದಿದ್ದ ಮನುಷ್ಯ ಆ ದಿನ ಅಷ್ಟು ಮಾತಾಡಿದ್ದೇ ಹೆಚ್ಚು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಎಂಜಿನಿಯರನ್ನು ಬಿಟ್ಟು.

ಗಿರಣಿಯ ಕಾಂಪೌಂಡಿನ ಹಿಂದೆ ಆ ಸಂಜೆಯೇ ಅಗೆದರು. ಮೂರು ಅಡಿ ಆಳದಲ್ಲಿ ಒಳಚರಂಡಿಯ ಕೊಳವೆ ಸೀಳಿ, ಅದರ ಕೆಳಗೇ ಕುಡಿಯುವ ನೀರಿನ ಕೊಳವೆ ತುಕ್ಕು ಹಿಡಿದು ತೂತಾಗಿ ಮಲಗಿತ್ತು. ನೋಡಲು ಅರ್ಧ ಚಾಳು ನೆರೆದಿತ್ತು. ಆರೋಗ್ಯ ಇಲಾಖೆಯವರು ಮನೆಮನೆ ತಿರುಗಿ ಹೊಟ್ಟೆ ಕೆಟ್ಟ ಹನ್ನೊಂದು ಜನರನ್ನು ಪತ್ತೆ ಮಾಡಿದರು. ಇಬ್ಬರಿಗೆ ಸಲೈನ್ ಹಾಕಿದರು. ಯಾರೂ ಸಾಯಲಿಲ್ಲ. ಇನ್ನೊಂದು ಸಲ ಆ ನೀರು ಬಿಟ್ಟಿದ್ದರೆ ಕಾಲರಾ ಬರುತ್ತಿತ್ತು ಎಂದು ಅವರಲ್ಲೊಬ್ಬ ವೈದ್ಯೆ ಹೇಳಿದಳು. ಹೇಳಿ, ಕೈ ತೊಳೆಯಲು ಬಿಸಿನೀರು ಕೇಳಿದಳು.

ಮನೆಗೆ ಬಂದ ಕಸ್ತೂರಿ ಮೂರು ರೊಟ್ಟಿ ತಿಂದಳು. ಕಟ್ಟೆಯ ಮೇಲೆ ಕೂತಿದ್ದವರು ಈಗ ತಾವಾಗಿಯೇ ಮಾತಾಡಿಸಲು ಬಂದರು. ನಿನ್ನೆ ಬಾಟಲಿಯ ಮಾತೆತ್ತಿದವಳು ಒಂದು ಬಟ್ಟಲು ಸಾರು ತಂದುಕೊಟ್ಟಳು. ಕ್ಷಮೆ ಕೇಳಲಿಲ್ಲ. ಕಸ್ತೂರಿಯೂ ನಿರೀಕ್ಷಿಸಲಿಲ್ಲ. ಸಾರು ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಮುಂದೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ಊರಿನ ಉಳಿದವರು ಬೆರಳು ತೋರಿಸಿ ಎರಡು ನಿಮಿಷಕ್ಕೆ ಮೇಯರನ್ನು ಆರಿಸಿ ಹೋಗುತ್ತಿದ್ದರು. ಮೂವತ್ತೊಂದನೇ ವಾರ್ಡಿನವರು ಚೀಟಿ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ. ಈ ವಾರ್ಡಿನಲ್ಲಿ ನೂರಕ್ಕೆ ತೊಂಬತ್ತೊಂದು ಮತದಾನವಾಯಿತು, ಊರಿನಲ್ಲೇ ಹೆಚ್ಚು. ಕೋರ್ಟಿಗೆ ಹೋಗಬೇಕಾಗಿದ್ದವರೆಲ್ಲ ಮತಗಟ್ಟೆಗೆ ಬಂದಿದ್ದರು.

ಒಳಗೆ ಹೆಸರು ಓದಿ, ಪಟ್ಟಿಯಲ್ಲಿ ಗೆರೆ ಎಳೆದು, ಶಾಯಿಯವನ ಕಡೆ ಕಳಿಸುತ್ತಿದ್ದರು. ಉಗ್ರಾಣದಿಂದ ಹುಡುಕಿ ತಂದ ಹಳೆಯ ಸೀಸೆ, ಕಡ್ಡಿ. ಶಾಂತವ್ವನ ಸರದಿ ಬಂತು. ಅವಳ ಹಿಂದೆ ಕಸ್ತೂರಿ ನಿಂತಿದ್ದಳು. ಶಾಯಿಯವನು ಕಡ್ಡಿ ಅದ್ದಿ, ಎಡಗೈ ಕೊಡವ್ವಾ ಎಂದ.

ಶಾಂತವ್ವ ಕೈ ಕೊಡಲಿಲ್ಲ. ಸೀಸೆಯನ್ನು ನೋಡಿದಳು.

"ಇದಕ್ಕ ಜೀವ ಐತೇನ್?"

"ಇಲ್ಲವ್ವ. ಇದು ಬರೇ ಬಣ್ಣ."

"ಹಂಗಾರ ಹಚ್ಚು," ಎಂದು ಶಾಂತವ್ವ ಬೆರಳು ಚಾಚಿದಳು.